ಮೂಗಿನ ಉಪವಾಸ

ಉಸ್ತಾದರ ಹೆಂಡತಿ ಹೋದ ತಿಂಗಳು ತೀರಿಕೊಂಡರು. ಅವರು ಬದುಕಿರುವತನಕ ಈ ಸಂಗತಿಯನ್ನು ಎಲ್ಲೂ ಬರೆಯಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಈಗ ಆ ಕಟ್ಟು ಕಳಚಿತು. ನನಗೂ ವಯಸ್ಸಾಯಿತು, ಇನ್ನು ಮುಚ್ಚಿಟ್ಟುಕೊಂಡು ಯಾರಿಗೆ ಉಪಕಾರ?

ಉಸ್ತಾದ್ ಎನ್ನುವುದು ಅವರ ಹೆಸರಲ್ಲ. ಸನತ್‌ನಗರದ ನಮ್ಮ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ರಾಜ್ಯ ಇನ್ನೂ ಎರಡಾಗಿರಲಿಲ್ಲ, ಹೈದರಾಬಾದು ಇಡೀ ಆಂಧ್ರದ ರಾಜಧಾನಿಯಾಗಿದ್ದ ಕಾಲ. ನಮ್ಮದು ಬಟ್ಟೆಯ ಬಣ್ಣಕ್ಕೆ ಬೇಕಾದ ಪುಡಿ ತಯಾರಿಸುವ ಸಣ್ಣ ಕಾರ್ಖಾನೆ. ನಾನು ಅಲ್ಲಿ ಸ್ಟೋರ್ ಗುಮಾಸ್ತ, ಅವರು ಹಿಂಭಾಗದ ಟ್ಯಾಂಕಿನ ಮನೆಯ ಮೇಸ್ತ್ರಿ. ಅವರು ದೇವದುರ್ಗದ ಕಡೆಯವರು, ನಾನು ಯಾದಗಿರಿ ಕಡೆಯ ಐನೋರ ಮನೆಯ ಹುಡುಗ. ಈರುಳ್ಳಿ ಹೆಚ್ಚಾದರೂ ಮೂಗು ಮುರಿಯುವ ಮನೆತನ ನಮ್ಮದು. ಅದಕ್ಕೇ ಅವರು ನನ್ನನ್ನು ಮೊದಲ ದಿನದಿಂದ "ಸ್ವಾಮ್ಯಾರ" ಎಂದೇ ಕರೆದರು, ಅರ್ಧ ಮರ್ಯಾದೆಗೆ, ಅರ್ಧ ಚೇಷ್ಟೆಗೆ.

ಅವರ ಮೂಗಿನ ಬಗ್ಗೆ ಹೇಳದೆ ಅವರ ಬಗ್ಗೆ ಹೇಳುವುದು ಸಾಧ್ಯವಿಲ್ಲ. ಮುಖದಲ್ಲಿ ಬೇರೆಲ್ಲ ಸಾಧಾರಣ, ಮೂಗು ಮಾತ್ರ ದೊಡ್ಡದು, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು. ಮಟನ್ ಅಂಗಡಿಯ ಮುಂದೆ ನಿಂತು, ಮುಟ್ಟದೆ, "ಇದು ನಿನ್ನಿದು ಮಾರಾಯಾ, ಇವತ್ತಿಂದು ಒಳಗ ಮುಚ್ಚಿಟ್ಟೀದಿ, ಅದನ್ನ ತೆಗಿ" ಎನ್ನುತ್ತಿದ್ದರು. ಅಂಗಡಿಯವನು ಬೈದುಕೊಳ್ಳುತ್ತ ಒಳಗಿನಿಂದ ತೆಗೆಯುತ್ತಿದ್ದ. ಸಂಜೆ ಕ್ವಾರ್ಟರ್ಸಿನ ಓಣಿಯ ತಿರುವಿನಲ್ಲೇ ನಿಂತು ತಮ್ಮ ಮನೆಯ ಕಡೆ ಮುಖ ಮಾಡಿ, "ಖೀಮಾ! ಮೆಂತೇಪಲ್ಯೆ ಹಾಕೀದಿ!" ಎಂದು ಕೂಗುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಾನು ವೈನಿ ಎನ್ನುತ್ತಿದ್ದವರು, ನಗುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ಅವರಿಬ್ಬರ ಸಂಸಾರ ಹೀಗೆ ಓಣಿಯಿಂದಲೇ ಶುರುವಾಗುತ್ತಿತ್ತು. ಅವರ ಜೊತೆ ಹೋದಾಗಲೆಲ್ಲ ನಾನು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬರುತ್ತಿದ್ದೆ. ಅದಕ್ಕೆ ಅವರು ಎಂದೂ ಬೇಸರಪಟ್ಟವರಲ್ಲ.

ನನ್ನ ಊಟವನ್ನು ಮಾತ್ರ ಅವರು ಬಿಡುತ್ತಿರಲಿಲ್ಲ. ನಾನು ಇದ್ದದ್ದು ಕಾಚಿಗೂಡದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ವಠಾರದಲ್ಲಿ. ಊಟ ಅಲ್ಲಿಯ ಒಂದು ಶಾಕಾಹಾರಿ ಹೋಟೆಲಿನಲ್ಲಿ. ಎಲೆಯ ಮೇಲೆ ಬೇಳೆಯ ಪಪ್ಪು, ಸಾರಿನಂಥ ಚಾರು, ಪುಂಡಿಸೊಪ್ಪಿನ ಗೋಂಗೂರ ಚಟ್ನಿ, ಆವಕಾಯಿ ಉಪ್ಪಿನಕಾಯಿ, ಎರಡು ಪಲ್ಯ, ಹಪ್ಪಳ, ಗಟ್ಟಿ ಮೊಸರು. ಒಮ್ಮೆ ಬಲವಂತದಿಂದ ಕರೆದುಕೊಂಡು ಹೋದಾಗ ಅವರು ನಾಲ್ಕು ತುತ್ತು ಉಂಡು ಎಲೆ ಮಡಿಸಿದರು.

"ಚಲೋ ಐತ್ರಿ ಸ್ವಾಮ್ಯಾರ. ಹೊಟ್ಟಿ ತುಂಬ್ತೈತಿ. ಆದ್ರ ಮೂಗು ಉಪವಾಸ."

ಈ ಮಾತು ಕಾರ್ಖಾನೆಯಲ್ಲೆಲ್ಲ ಹರಡಿ ಮೂರು ವರ್ಷ ನನ್ನನ್ನು ಕಾಡಿತು. ನಾನು ಡಬ್ಬಿ ಬಿಚ್ಚಿದರೆ ಸಾಕು, ಯಾರಾದರೊಬ್ಬರು ಮೂಗು ಹಿಡಿದು ತೋರಿಸುತ್ತಿದ್ದರು.

ಆ ಮೂಗು ಬರೀ ಅಡುಗೆಮನೆಯದಾಗಿದ್ದರೆ ನಗುತ್ತ ಮರೆಯಬಹುದಿತ್ತು. ಟ್ಯಾಂಕಿನ ಮನೆ ನೆಲಮಟ್ಟದಿಂದ ಏಳು ಮೆಟ್ಟಿಲು ಕೆಳಗಿತ್ತು. ಅಲ್ಲಿಯ ದ್ರಾವಣಗಳು ಒಮ್ಮೊಮ್ಮೆ ಕೂಡಬಾರದ ರೀತಿ ಕೂಡಿ ಒಂದು ಗಾಳಿ ಹುಟ್ಟುತ್ತಿತ್ತು. ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಕೆಲಸಗಾರರು ಅದಕ್ಕೆ ಅಂಡಾಗಾಳಿ ಎನ್ನುತ್ತಿದ್ದರು. ಸ್ವಲ್ಪವಿದ್ದರೆ ತಲೆನೋವು, ಜಾಸ್ತಿಯಾದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಅದು ಭಾರದ ಗಾಳಿ, ತಗ್ಗಿನಲ್ಲಿ ತಣ್ಣಗೆ ಕೂತಿರುತ್ತದೆ. ಅದಕ್ಕೇ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಎಂಟಕ್ಕೆ ಉಸ್ತಾದರು ಒಬ್ಬರೇ ಮೆಟ್ಟಿಲು ಇಳಿಯುವರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂಗೆಳೆದು "ನಡೀರಿ!" ಎನ್ನುವರು. ಆಮೇಲೆ ಎಂಟು ಜನ ಇಳಿಯುವರು. ಅವರು ಹಾಗೆನ್ನದ ದಿನ ಕೆಟ್ಟ ಗಾಳಿ ಹೊರಗೆಳೆಯುವ ಪಂಖಾ ಹಾಕಿ ಕಾಯಬೇಕು. ಅವರು ಇನ್ನೊಂದು ನಿಯಮವನ್ನೂ ಮಾಡಿದ್ದರು: "ನಾ ನಡೀರಿ ಅನ್ನೂತನಕ ಯಾರೂ ಕಾಲಿಡಬ್ಯಾಡ್ರಿ. ನಾ ಬಿದ್ರೂ ಇಳೀಬ್ಯಾಡ್ರಿ."

ವಾಸನೆ ಹಿಡಿಯುವ ಯಂತ್ರ ಬರುತ್ತದಂತೆ, ತರಿಸೋಣ ಎಂದು ಅವರೇ ಮಾಲಕರನ್ನು ಎರಡು ಸಲ ಕೇಳಿದ್ದರು. ಮಾಲಕರು ನಕ್ಕು, "ನಿನ್ನ ಮೂಗು ಇರುವಾಗ ಯಂತ್ರ ಯಾಕೆ ಉಸ್ತಾದ್?" ಎಂದರಂತೆ. ಆ ಹೊಗಳಿಕೆಯನ್ನು ಅವರು ಸಂತೋಷದಿಂದಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆಮೇಲೆ ಒಂದು ಶನಿವಾರ ನಡೆದದ್ದು ಇದು. ನನ್ನನ್ನು ನೋಡಲು ಬಂದಿದ್ದ ಅಪ್ಪ ಅವ್ವರನ್ನು ಊರಿನ ಗಾಡಿ ಹತ್ತಿಸಲು ಉಸ್ತಾದರೂ ಕಾಚಿಗೂಡಕ್ಕೆ ಬಂದಿದ್ದರು. ಗಾಡಿ ಹೋದ ಮೇಲೆ ತಾವಾಗಿಯೇ, "ನಡೀರಿ, ನಿಮ್ಮ ಹೋಟೆಲಿಗೆ ಹೋಗೂಣು" ಎಂದರು. ಕೂತರು, ಉಂಡರು. ಗೋಂಗೂರ ಚಟ್ನಿಯ ಹುಳಿಗೆ ಕಣ್ಣು ಕಿರಿದು ಮಾಡಿ ನಾಲಿಗೆ ಚಪ್ಪರಿಸಿದರು. ಆವಕಾಯಿಯ ಖಾರಕ್ಕೆ ಹಣೆ ಬೆವೆತರೂ ಮತ್ತೆ ಹಾಕಿಸಿಕೊಂಡರು. ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿದು, "ಕೇಳ್ರಿ, ಹೆಂಗ ಮಾತಾಡ್ತೈತಿ!" ಎಂದು ನಾಲ್ಕನೆಯದನ್ನು ಕೇಳಿದರು. ತುಪ್ಪವನ್ನು ಮಾತ್ರ, ಘಮಘಮ ಎನ್ನುತ್ತಿದ್ದರೂ, ಬೇಡ ಎಂದು ಕೈ ಅಡ್ಡ ಹಿಡಿದರು.

ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಅಂದಿನಿಂದ ಪ್ರತಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇಬ್ಬರೂ ಬಸ್ಸು ಹಿಡಿದು ಕಾಚಿಗೂಡಕ್ಕೆ ಬರುವುದು ಪದ್ಧತಿಯಾಯಿತು. ಮನೆಯಲ್ಲಿ ಮಟನ್ ಮಾಡಿದರೂ ಎರಡು ತುಂಡಿಗೆ ಸಾಕೆನ್ನುತ್ತಾರೆ ಎಂಬ ಸುದ್ದಿಯೂ ಬಂತು. ಇಪ್ಪತ್ತು ವರ್ಷ ಮಾಂಸದಲ್ಲೇ ಮುಳುಗಿದ್ದ ಮನುಷ್ಯ ನನ್ನ ಸಹವಾಸದಿಂದ ತಿದ್ದಿಕೊಂಡ ಎಂದು ಅಪ್ಪನಿಗೆ ಕಾಗದ ಬರೆದೆ. ಅಪ್ಪ ಊರಿನ ಮಠದಲ್ಲಿ ಅದನ್ನು ಓದಿ ಹೇಳಿದರಂತೆ. ಮಾಂಸ ತಿನ್ನುವವನು ಬಿಟ್ಟರೆ ಅದು ಬುದ್ಧಿ ಬಂದದ್ದರಿಂದಲೇ ಎಂದು ನಂಬುವ ಜನ ನಾವು. ಬೇರೆ ಕಾರಣ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

ಹೊಳೆಯಬೇಕಿತ್ತು. ಟ್ಯಾಂಕಿನ ಮನೆಗೆ ಇಳಿದ ಮೇಲೆ "ನಡೀರಿ" ಎನ್ನಲು ಅವರು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಮೇಲೆ ನಿಂತವರು ಬೀಡಿ ಎಳೆಯುತ್ತ, "ಉಸ್ತಾದ್ರು ವಯಸ್ಸಾದಂಗ ಭಾಳ ಹುಷಾರಾಗ್ಯಾರ" ಎಂದು ಮೆಚ್ಚಿಕೊಳ್ಳುತ್ತಿದ್ದರು. ನಾನೂ ಮೆಚ್ಚಿಕೊಂಡೆ.

ವರ್ಷ ಕಳೆದ ಮೇಲೆ ಒಂದು ಶನಿವಾರ, ಹೋಟೆಲಿನಲ್ಲಿ ಊಟದ ನಡುವೆ ಅಡುಗೆ ಗ್ಯಾಸಿನ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಗಂಟಲಿಗೆ ಹಿಡಿಯುವಷ್ಟು. ಯಾರೋ "ಸಿಲಿಂಡರ್!" ಎಂದು ಕೂಗಿದರು. ಬೆಂಚುಗಳು ಉರುಳಿದವು, ಎಂಜಲು ಕೈಯಲ್ಲೇ ಜನ ರಸ್ತೆಗೆ ಓಡಿದರು. ನಾನೂ ಬಾಗಿಲವರೆಗೆ ಓಡಿ ತಿರುಗಿ ನೋಡಿದೆ. ಇಡೀ ಸಾಲಿನಲ್ಲಿ ಉಸ್ತಾದರೊಬ್ಬರೇ ಕೂತಿದ್ದರು. ಹಪ್ಪಳ ಕೈಯಲ್ಲಿತ್ತು.

"ಯಾಕ್ರಿ ಸ್ವಾಮ್ಯಾರ, ಏನಾತು?" ಎಂದು ಕೇಳಿದರು.

ಕೇಳಿ, ನನ್ನ ಮುಖ ನೋಡಿದರು. ಮೆಲ್ಲಗೆ ಹಪ್ಪಳ ಎಲೆಯ ಮೇಲಿಟ್ಟರು. ನಾನು ಒಳಗೆ ಹೋಗಿ ಅವರ ತೋಳು ಹಿಡಿದು ಹೊರಗೆ ತಂದೆ. ಒಳಗಿದ್ದ ಯಾರೋ ಸಿಲಿಂಡರಿನ ಕಿವಿ ತಿರುಗಿಸಿದರು, ಯಾರಿಗೂ ಏನೂ ಆಗಲಿಲ್ಲ. ನಾನು ಹೆದರಿದ್ದು ಮಾತ್ರ ಸಿಲಿಂಡರಿಗಲ್ಲ, ಸೋಮವಾರದ ಬೆಳಿಗ್ಗೆ ಎಂಟು ಗಂಟೆಗೆ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವರು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ.

"ವರ್ಷದ ಮ್ಯಾಲಾತ್ರಿ. ಒಂದ ಸಲಕ್ಕ ಹೋಗಲಿಲ್ಲ, ಸ್ವಲ್ಪ ಸ್ವಲ್ಪ ಹೋತು. ಆ ಅಂಡಾಗಾಳಿನ ತಿಂದಿರಬೇಕು, ಇಪ್ಪತ್ತು ವರ್ಷ ದಿನಾ ಎಳದೀನಲ್ಲ. ಮಟನ್ನು ಬಾಯಾಗ ಇಟ್ರ ರಬ್ಬರ್ ಅಗದಂಗ ಆಗ್ತೈತಿ. ನಿಮ್ಮ ಊಟದಾಗ ಹುಳಿ ಐತಿ, ಖಾರ ಐತಿ, ಕರುಮ್ ಅಂತೈತಿ. ಉಂಡಂಗರ ಅನಸ್ತೈತಿ."

"ಮತ್ತ ದಿನಾ ಮುಂಜಾನಿ ಕೆಳಗಿಳಿದು ಏನು ಮಾಡ್ತೀರಿ?"

"ನೂರು ಎಣಿಸ್ತೀನಿ. ನೂರಾಗೂತನಕ ಬೀಳಲಿಲ್ಲಂದ್ರ ನಡೀರಿ ಅಂತೀನಿ."

ಅವರು ಇದನ್ನು ಬಸ್ಸಿನ ವೇಳೆ ಹೇಳಿದಷ್ಟೇ ಸರಳವಾಗಿ ಹೇಳಿದರು.

ಮಾಲಕರಿಗೆ ಹೇಳಿಬಿಡೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. "ಹೇಳಿದ್ರ ನನ್ನ ಗೇಟಿನ ಕಾವಲಿಗೆ ಹಾಕ್ತಾರ, ನನ್ನ ಜಾಗಕ್ಕ ಯಾವನ್ನೋ ಒಬ್ಬನ್ನ ಇಳಸ್ತಾರ. ಅವ ನೂರು ಎಣಿಸ್ತಾನೇನು? ಹತ್ತು ಎಣಿಸಿ ನಡೀರಿ ಅಂತಾನ." ಆಮೇಲೆ ನಿಜವಾದ ಮಾತು ಹೇಳಿದರು. "ಮೂಗು ಹೋದ ಉಸ್ತಾದ್ ಅಂತ ಅನಿಸ್ಕೊಂಡು ಆ ಗೇಟಿನಾಗ ಕೂಡಾಕ ನನ್ನ ಕೈಲಿ ಆಗೂದಿಲ್ರಿ. ಮನಿಯಾಗ ಆಕಿಗೂ ಹೇಳಿಲ್ಲ."

ಆಗ ನಾನು ಮಾಡಿದ್ದನ್ನು ಒಪ್ಪಿಕೊಳ್ಳಬೇಕು. ನಾನು ಮಾಲಕರ ಹತ್ತಿರ ಹೋಗಲಿಲ್ಲ. ನಿಮ್ಮ ಜೊತೆ ನಾನೂ ಇಳಿಯುತ್ತೇನೆ, ಮೂಗು ನನ್ನದು, ಮಾತು ನಿಮ್ಮದು ಎಂದೆ. ಅದನ್ನು ದೊಡ್ಡ ಸ್ನೇಹ ಎಂದುಕೊಂಡೆ.

ಅಲ್ಲೊಂದು ತೊಡಕಿತ್ತು. ಮೊಟ್ಟೆಯನ್ನು ಕೈಯಲ್ಲಿ ಮುಟ್ಟದೆ ಬೆಳೆದವನು ನಾನು. ಕೊಳೆತ ಮೊಟ್ಟೆ ಹೇಗೆ ನಾರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ! ಉಸ್ತಾದರು ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಮೊಟ್ಟೆಗೆ ಸಣ್ಣ ತೂತು ಮಾಡಿ ಸ್ಟೋರಿನ ಹಿಂದೆ ಬಿಸಿಲಿಗೆ ಇಟ್ಟರು. ಅದು ಕೊಳೆಯುವತನಕ ಮೊದಲಿನಂತೆ ಒಬ್ಬರೇ ಇಳಿದು ಎಣಿಸಿದರು. ಎಷ್ಟೋ ದಿನಗಳ ನಂತರ ಅದನ್ನು ನನ್ನ ಮುಂದೆ ಒಡೆದು, "ಎಳೀರಿ ಸ್ವಾಮ್ಯಾರ, ಕರವಸ್ತ್ರ ತೆಗೀರಿ" ಎಂದರು. ನಾನು ವಾಂತಿ ಮಾಡಿಕೊಂಡೆ. ಅವರು ಬೆನ್ನು ಸವರಿ ಮತ್ತೊಮ್ಮೆ ಎಳೆಸಿದರು. ಹೀಗೆ ಐನೋರ ಮಗನ ಮೂಗು ತಯಾರಾಯಿತು.

ಡ್ರಮ್ಮು ಪರೀಕ್ಷಿಸುವ ನೆಪದಲ್ಲಿ ದಿನವೂ ಅವರ ಹಿಂದೆ ಇಳಿಯತೊಡಗಿದೆ. ವಾಸನೆ ಬಂದರೆ ಕೆಮ್ಮಬೇಕು ಎಂದು ಮಾತು. ಮಳೆಗಾಲದಲ್ಲಿ ಒಂದು ದಿನ ಮೂರನೆಯ ಮೆಟ್ಟಿಲಲ್ಲೇ ಆ ವಾಸನೆ ಸಣ್ಣಗೆ ಬಡಿಯಿತು. ಕೆಮ್ಮಿದೆ. ಉಸ್ತಾದರು ತಕ್ಷಣ ಕೈ ಎತ್ತಿ, "ಇವತ್ತು ಪಂಖಾ ಹಾಕ್ರಿ, ಒಂದ್ ತಾಸು ತಡೀರಿ" ಎಂದು ಕೂಗಿದರು. ಮೇಲಿದ್ದವರು "ಉಸ್ತಾದ್ರ ಮೂಗಂದ್ರ ಮೂಗು!" ಎಂದರು. ಅವರ ಕಿವಿ ಕೆಂಪಾದದ್ದನ್ನು ನಾನೊಬ್ಬನೇ ನೋಡಿದೆ. ಆ ಶನಿವಾರ ಹೋಟೆಲಿನಲ್ಲಿ ಅವರು ತಮ್ಮ ಎಲೆಯ ಹಪ್ಪಳವನ್ನೆಲ್ಲ ತೆಗೆದು ನನ್ನ ಎಲೆಗೆ ಹಾಕಿದರು.

ಅವರ ಮನೆಗೆ ಹೋಗುವಾಗಲೂ ನನಗೆ ಕೆಲಸ ಹತ್ತಿತು. ಓಣಿಯ ತಿರುವಿನಲ್ಲಿ ನಿಲ್ಲಿಸಿ, "ಏನು ಬರಾಕತ್ತೈತಿ ಹೇಳ್ರಿ" ಎನ್ನುವರು. ನಾನು ಕರವಸ್ತ್ರ ಇಳಿಸಿ ಮೂಗೆಳೆದು, "ಕೊಬ್ಬರಿ ಹುರದಂಗ... ಅದರ ಜೋಡಿ ಹಸಿ ಕಬ್ಬಿಣದಂಥ ವಾಸನಿ" ಎಂದು ತಡವರಿಸುವೆ. ಅವರ ಮುಖ ಅರಳುವುದು. "ಕಲೇಜಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುವರು. ಆಡಿನ ಯಕೃತ್ತಿಗೆ ಹಾಗೆನ್ನುತ್ತಾರೆಂದು ನಾನು ಕಲಿತದ್ದೂ ಆಗಲೇ. ಒಳಗೆ ವೈನಿಯ ನಗು ಕೇಳುವುದು. ಉಸ್ತಾದರು ಅದಕ್ಕೆ ಕಿವಿಗೊಟ್ಟು ಒಂದು ಗಳಿಗೆ ಹಾಗೇ ನಿಲ್ಲುವರು.

ಹೀಗೆ ವರ್ಷ ನಡೆಯಿತು. ಪ್ರತಿ ತಿಂಗಳೂ ಮಾಲಕರಿಗೆ ಹೇಳೋಣ ಎನ್ನುತ್ತಿದ್ದೆ, ಪ್ರತಿ ತಿಂಗಳೂ ಅವರು "ಮುಂದಿನ ತಿಂಗಳು" ಎನ್ನುತ್ತಿದ್ದರು. ನನಗೆ ನೆಗಡಿಯಾದರೆ ಇಬ್ಬರಿಗೂ ಭಯ. ರಜೆ ಹಾಕುವುದನ್ನೇ ಬಿಟ್ಟಿದ್ದೆ.

ಆದರೆ ತಂಗಿಯ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಸೋದರಮಾವನಿಲ್ಲದೆ ಆಗುತ್ತದೆಯೇ? ಎರಡು ದಿನ ಹೋಗಲೇಬೇಕಾಯಿತು. "ನೀವೂ ರಜಾ ಹಾಕ್ರಿ ಉಸ್ತಾದ್, ನನ್ನ ಮ್ಯಾಲಾಣೆ" ಎಂದೆ. "ಹೌ, ಹಾಕ್ತೀನಿ, ಆರಾಮ ಹೋಗಿ ಬರ್ರಿ" ಎಂದರು. ಗಾಡಿ ಹತ್ತಿಸಲು ಕಾಚಿಗೂಡಕ್ಕೆ ಬಂದರು. ಅದಕ್ಕೆ ಮೊದಲು ಹೋಟೆಲಿನಲ್ಲಿ ಉಂಡೆವು. ಅಂದು ಮೊದಲ ಬಾರಿ ಅವರು ತುಪ್ಪ ಹಾಕಿಸಿಕೊಂಡರು. ಬಿಸಿ ಅನ್ನಕ್ಕೆ ಕಲೆಸಿ, ಮುಖದ ಹತ್ತಿರ ತಂದು ಬಹಳ ಹೊತ್ತು ಹಿಡಿದರು. ಆಮೇಲೆ ತಲೆ ಅಲ್ಲಾಡಿಸಿ ಉಂಡರು. ಕಿಟಕಿಯ ಹತ್ತಿರ ನಿಂತು, "ಊರಾಗಿನ ಊಟದ ವಾಸನಿ ನನ್ನ ಪಾಲಿಂದೂ ಎಳಕೊಂಡು ಬರ್ರಿ" ಎಂದರು. ಗಾಡಿ ಹೊರಟಾಗ ನನಗೆ ಇಳಿದುಬಿಡಬೇಕು ಎನ್ನಿಸಿತು. ಇಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ಟೇಷನ್ನಿನಿಂದ ನೇರ ಕಾರ್ಖಾನೆಗೆ ಹೋದೆ. ಗೇಟು ಮುಚ್ಚಿತ್ತು. ಟ್ಯಾಂಕಿನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ನಿನ್ನಿ ಮುಂಜಾನಿ ಉಸ್ತಾದ್ರು ದಿನಾ ಇಳಿದಂಗ ಇಳಿದ್ರು ಸಾಹೇಬ್ರ. ನಾವು ಮ್ಯಾಲ ನಿಂತಿದ್ವಿ. ನಡೀರಿ ಅನ್ನೂದು ಬರ್ಲೇ ಇಲ್ಲ. ಒಬ್ಬಾಂವ ಹಾರಾಕ ಹೋದ, ನಾನ ಹಿಡಕೊಂಡೆ, ಉಸ್ತಾದ್ರು ಹೇಳಿದ್ದು ನೆನಪಿತ್ತು. ಪಂಖಾ ಹಾಕಿ ಗಾಳಿ ಹೋದ ಮ್ಯಾಲ ತಂದ್ವಿ. ಆಗಲೇ ಮುಗಿದಿತ್ರಿ." ಅವನು ಕಣ್ಣೊರೆಸಿಕೊಂಡು, ಅರ್ಥವಾಗದವನಂತೆ ಕೇಳಿದ: "ಕೆಳಗ ಏನೋ ಎಣಿಸಾಕತ್ತಿದ್ರು ಸಾಹೇಬ್ರ. ನಲವತ್ತು, ನಲವತ್ತೊಂದು ಅಂದಿದ್ದು ಕೇಳಸ್ತು. ಆಮ್ಯಾಲ ಇಲ್ಲ. ಏನು ಎಣಿಸ್ತಿದ್ರು?"

ಗೊತ್ತಿಲ್ಲ ಎಂದೆ. ಎಂಟು ಜನ ಬದುಕಿದರು. ತಿಂಗಳೊಳಗೆ ಆ ಯಂತ್ರ ಬಂದು ಗೋಡೆಯ ಮೇಲೆ ಕೂತಿತು. ನಾನು ಒಂದು ವರ್ಷ ಮುಂಚೆ ಬಾಯಿ ಬಿಟ್ಟಿದ್ದರೆ ಅದು ಆಗಲೇ ಬರುತ್ತಿತ್ತು. ಇದನ್ನು ಈಗ ಬರೆದರೂ ಹಗುರವಾಗುವುದಿಲ್ಲ.

ಹತ್ತನೆಯ ದಿನ ವೈನಿಯನ್ನು ಕಾಣಲು ಹೋದೆ. ಮರುದಿನ ಎಡೆ ಇಡುವುದಿತ್ತು. ಹೋದವರಿಗೆ ಪ್ರೀತಿಯಾದದ್ದನ್ನು ಮಾಡಿ ಇಡುವುದು ಅವರ ಪದ್ಧತಿ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು:

"ಸ್ವಾಮ್ಯಾರ, ಆ ಹೋಟೆಲಿನ್ಯಾಗ ಅವರು ಏನೇನು ಉಣ್ಣುತಿದ್ರು ಹೇಳ್ರಿ. ಅದನ್ನ ತರಿಸಿ ಇಡ್ತೀನಿ. ನನ್ನ ಕೈಯಡಿಗಿ ಎರಡು ವರ್ಷದಿಂದ ಅವರಿಗೆ ಸೇರ್ತಿದ್ದಿಲ್ಲ. ನಾ ಏನು ಕೆಡಿಸಿದ್ನೋ, ಕೇಳಾಕ ಧೈರ್ಯ ಆಗಲಿಲ್ಲ."

ಎರಡು ವರ್ಷ ಆ ಹೆಣ್ಣುಮಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಸಾಲೆ ಅರೆದಿದ್ದರು. ಆ ಎರಡು ವರ್ಷ ನಾನು ಅಪ್ಪನಿಗೆ ಕಾಗದ ಬರೆದು ಬೀಗುತ್ತಿದ್ದೆ.

"ನಿಮ್ಮ ಅಡಿಗಿ ಕೆಟ್ಟಿರಲಿಲ್ಲ ವೈನಿ. ಅವರ ಮೂಗು ಹೋಗಿತ್ತು. ಅವರಿಗೆ ಯಾವ ವಾಸನಿನೂ ಬರ್ತಿದ್ದಿಲ್ಲ."

ವೈನಿ ಬಾಯಿಗೆ ಒತ್ತಿದ್ದ ಸೆರಗನ್ನು ತೆಗೆದರು.

"ಅದಕ್ಕ," ಎಂದರು ಮೆಲ್ಲಗೆ. "ಅದಕ್ಕ ಓಣ್ಯಾಗ ಕೂಗೂದು ಬಿಟ್ಟು, ಒಳಗ ಬಂದು ಏನು ಮಾಡೀದಿ ಅಂತ ಕೇಳ್ತಿದ್ರು. ನೀವು ಜೋಡಿ ಬಂದ ದಿನ ಅಷ್ಟ ಕೂಗ್ತಿದ್ರು. ನಾ ಅವತ್ತು ಅವರಿಗೆ ಖುಷಿ ಇರ್ತೈತಿ ಅಂತ ತಿಳ್ಕೊಂಡಿದ್ದೆ."

ನೂರು ಎಣಿಸುವ ಸಂಗತಿಯನ್ನು ಅವರಿಗೆ ಹೇಳಲಿಲ್ಲ. ಅದು ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು.

ಮರುದಿನ ಹೋಟೆಲಿನ ಹಪ್ಪಳದ ಪೊಟ್ಟಣ ಕೈಯಲ್ಲಿ ಹಿಡಿದು ಸನತ್‌ನಗರಕ್ಕೆ ಹೋದೆ. ಓಣಿಯ ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ಕರವಸ್ತ್ರ ಕಿಸೆಯಲ್ಲೇ ಇತ್ತು. ಮೂಗೆಳೆದೆ. ಹುರಿದ ಕೊಬ್ಬರಿ, ಅದರ ಹಿಂದೆ ಹಸಿ ಕಬ್ಬಿಣ. ನನ್ನ ಅಪ್ಪ ಕೇಳಿದ್ದರೆ ಏನನ್ನುತ್ತಿದ್ದರೋ, ಐನೋರ ಮಗ ಓಣಿಯ ನಡುವೆ ನಿಂತು ಕೂಗಿದೆ:

"ಕಲೇಜಿ ಮಾಡೀರಿ ವೈನಿ!"

ಒಳಗೆ ಸೌಟಿನ ಸದ್ದು ನಿಂತಿತು.